ತೊಗರಿ ಹಸಿ (ತೇವಾಂಶ) ಅಳೆಯೋ ಮೀಟರ್, ಕಾಲೇಜ್ ಇನ್‌ಕ್ಯುಬೇಟರ್, ಗಂಜ್‌ನ ಮಂದಿ: ನನ್ನ ಅನುಭವ

ಈ ಸೀಜನ್‌ನಾಗ ನಮ್ಮ ಮೀಟರ್ ಹತ್ರಹತ್ರ 40 ಹೋಗ್ಯಾವ, ಒಂದಕ್ಕ 6,500 ರೂಪಾಯಿ. ಇದನ್ನ ಮೊದಲೇ ಹೇಳ್ತೀನಿ ಯಾಕಂದ್ರ ಎರಡು ವರ್ಷದ ಹಿಂದ ಕಾಲೇಜ್ ಇನ್‌ಕ್ಯುಬೇಟರ್‌ಗಿ, ಅಂದ್ರ ಹೊಸ ಧಂದೆ ಶುರು ಮಾಡೋರಿಗಿ ಜಾಗ, ಸಹಾಯ ಕೊಡೋ ಕಡಿ, ಅರ್ಜಿ ಹಾಕಿದಾಗ ಕ್ಲಾಸಿನವ್ರು, ಮನಿಯವ್ರು, ಒಬ್ರು ಲೆಕ್ಚರರ್ ಸೈತ ಅಂದಿದ್ದು ಒಂದೇ ಮಾತು, ಅಲ್ಲಿ ಹೋದ್ರ ಸರ್ಟಿಫಿಕೇಟ್ ಮತ್ತ ಟೀಶರ್ಟ್ ಸಿಗ್ತದ, ಅಷ್ಟರಾಗ ಬೆಂಗಳೂರಿಗಿ ಹೋಗಿ ಒಂದು ಕೋರ್ಸ್ ಮುಗಿಸ್ಕೊಂಡು ಬರ್ತಿದ್ದಿ ಅಂತ.

ಕಲಬುರಗಿ ಗಂಜ್‌ಗಿ, ಅಂದ್ರ ಕಾಳಿನ ಮಾರ್ಕೆಟ್‌ಗಿ, ಮಾಲ್ ತಂದವ್ರಿಗಿ ನಾನೇನು ಹೇಳೋದು ಬ್ಯಾಡ. ಸರ್ಕಾರಿ ಖರೀದಿ ಕೇಂದ್ರದಾಗ ಹಸಿ 12 ಪರ್ಸೆಂಟ್ ದಾಟಿದ್ರ ಚೀಲ ವಾಪಸ್, ಅಡತ (ಕಮಿಷನ್ ಏಜೆಂಟ್) ಅಂಗಡ್ಯಾಗ ಚೀಲದಾಗ ಕೈ ಹಾಕಿ, ಎರಡು ಕಾಳು ಹಲ್ಲಾಗ ಕಡದು ರೇಟ್ ಹೇಳ್ತಾರ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗಿ 8,000, ಕ್ವಿಂಟಲ್‌ದಾಗ ಒಂದು ಪರ್ಸೆಂಟ್ ಅಂದ್ರ ಒಂದು ಕಿಲೋ, ಅಂದ್ರ 80 ರೂಪಾಯಿ, 50 ಕ್ವಿಂಟಲ್ ತಂದವನಿಗಿ ಒಂದು ಪರ್ಸೆಂಟ್ ಅಂದಾಜು ತಪ್ಪಿದ್ರ 4,000 ಹೋಯ್ತು. ನಮ್ಮ ಅಪ್ಪಾಜಿಗಿ ಒಂದು ವರ್ಷ ಹಿಂಗೇ ಆಗಿತ್ತು, ಅವತ್ತ ನಾನು ಬಾಜೂಕೇ ನಿಂತಿದ್ದೆ. ಛಲೋ ಕಂಪನಿ ಮೀಟರ್ ತುಟ್ಟಿ, ನಾಕು ಎಕರೆ ರೈತ ಅದನ್ನ ಯಾಕ ತಗೋತಾನ.

ಮೊದಲನೇ ಡಬ್ಬಿ ಮಣ್ಣಿನ ತೇವ ನೋಡೋ ಸೆನ್ಸರ್ ಮ್ಯಾಲ ಮಾಡಿದ್ವಿ, 120 ರೂಪಾಯಿದ್ದು. ಕಾಳಿಗಿ ಅದು ಬರಲ್ಲ, ಎರಡು ತಿಂಗಳು ಹಾಳು. ಆಮ್ಯಾಲ ಪಿವಿಸಿ ಪೈಪಿನ ಕಪ್, ಒಳಗ ಎರಡು ತಗಡು, ಕೆಪಾಸಿಟನ್ಸ್ ಮ್ಯಾಲ ಹೋದ್ವಿ, ಅಂದ್ರ ತಗಡಿನ ನಡುವಿನ ಕಾಳು ಎಷ್ಟು ಕರೆಂಟ್ ಚಾರ್ಜ್ ಹಿಡೀತದ ಅನ್ನೋದರಿಂದ ಹಸಿ ಲೆಕ್ಕ ಹಾಕೋದು, ಅದೇ ತೊಗರಿ ಒಮ್ಮಿ ಸುರಿದ್ರ 11, ಇನ್ನೊಮ್ಮಿ ಸುರಿದ್ರ 13.5. ಕಾಳು ಹ್ಯಾಂಗ ಕೂಡ್ತದ ಅನ್ನೋದರ ಮ್ಯಾಲೇ ಎಲ್ಲಾ ಅದ. ತಳಕ್ಕ ಲೋಡ್ ಸೆಲ್ (ತೂಕದ ಸೆನ್ಸರ್) ಹಾಕಿ ತೂಕ ಹಿಡದ ಮ್ಯಾಲ ಅರ್ಧ ಸುಧಾರಿಸ್ತು, ಉಳಿದ ಅರ್ಧ ಸುರಿಯೋ ರೀತಿದಾಗ ಅದ, ಅದನ್ನ ಇಲ್ಲಿ ಬರಿಯಲ್ಲ, ಮೀಟರ್ ತಗೊಂಡವ್ರಿಗಿ ಎದುರಿಗಿ ಕುಂತು ತೋರಿಸ್ತೀನಿ.

ಇನ್‌ಕ್ಯುಬೇಟರ್‌ದಿಂದ ಸೀಡ್ (ಶುರುವಿನ ರೊಕ್ಕ) ಅಂತ ಒಂದೂವರಿ ಲಕ್ಷ ಮಂಜೂರಾಗಿತ್ತು, ಎರಡು ಕಂತು. ಮೊದಲನೇದು ಬಂತು, ಎರಡನೇದು ಏಳೆಂಟು ತಿಂಗಳು ತಡ, ಪ್ರತಿ ವಾರ ಫೈಲ್ ಹಿಂದ ಓಡಾಡೋದು, ಒಂದು ಸಹಿ ಸಲುವಾಗಿ ಮುಂಜಾನಿಂದ ಸಂಜಿ ತನಕ ಬಾಗಿಲದಾಗ ಕುಂತಿದ್ದೂ ಅದ. ನಡುವ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮಾಡಸ್ಲಿಕ್ಕ ಅಕ್ಕ ಕೈಗಡ 30 ಸಾವಿರ ಕೊಟ್ಳು. ರೊಕ್ಕದ ಸಲುವಾಗಿ ಇನ್‌ಕ್ಯುಬೇಟರ್ ಸೇರೋರಿಗಿ ನಾನು ಬ್ಯಾಡ ಅಂತೀನಿ. ಇನ್ವೆಸ್ಟರ್ ಮುಂದ ಮಾತಾಡೋ ಪಿಚ್ ಟ್ರೇನಿಂಗ್, ಧಂದೆ ಪ್ಲಾನ್‌ದ ಕ್ಯಾನ್ವಾಸ್ ಹಾಳಿ ತುಂಬಿಸೋದು, ಅದೂ ನನಗ ಅಷ್ಟೇನು ಉಪಯೋಗ ಆಗ್ಲಿಲ್ಲ. ಉಪಯೋಗ ಆದದ್ದು ಅಲ್ಲಿ ಸಿಕ್ಕ ಮಂದಿ.

ನಮ್ಮ ಬಾಜೂ ಟೇಬಲ್‌ನಾಗ ಜೋಳದ ರೊಟ್ಟಿ ಪ್ಯಾಕ್ ಮಾಡಿ ಹಾಸ್ಟೆಲ್‌ಗಿ ಕೊಡೋ ಹುಡುಗೇರು ಇದ್ರು. ಇವ್ರಿಗೂ ನಮಗೂ ಏನು ಸಂಬಂಧ ಅಂತ ಮೂರು ತಿಂಗಳು ನಾನು ಸರಿಯಾಗಿ ಮಾತೇ ಆಡಿದ್ದಿಲ್ಲ. ಕ್ಯಾಲಿಬ್ರೇಷನ್‌ಗಿ, ಅಂದ್ರ ಮೀಟರ್ ರೀಡಿಂಗ್‌ನ ಖರೇ ಹಸಿ ಜೋಡಿ ಹೊಂದಿಸ್ಲಿಕ್ಕ, ಓವನ್ ಬೇಕು, ಲ್ಯಾಬ್ ಓವನ್ ಪರೀಕ್ಷೆ ಟೈಮಿಗಿ ಸಿಗಲ್ಲ, ಅವಾಗ ಅವ್ರೇ ತಮ್ಮ ಪರಿಚಯದ ಒಂದು ಫುಡ್ ಟೆಸ್ಟಿಂಗ್ ಲ್ಯಾಬ್‌ದಾಗ ರಾತ್ರಿ ಓವನ್ ಕೊಡಿಸಿದ್ರು. 105 ಡಿಗ್ರಿದಾಗ ರಾತ್ರಿಪೂರ್ತಿ ಒಣಗಿಸೋದು, ಮರುದಿನ ತೂಕ ಮಾಡೋದು, ಕಡಿಮಿ ಆದ ತೂಕನೇ ಹಸಿ, 60-70 ಸ್ಯಾಂಪಲ್ ಹಿಂಗ ಮಾಡೀವಿ. ಅದರ ಬದಲಿಗಿ ಅವ್ರ ಹಿಟ್ಟಿನ ಹಸಿ ನೋಡಿ ಕೊಡ್ತೀನಿ ಅಂತ ನಾನು ಒಪ್ಕೊಂಡೆ, ಒಂದು ತಿಂಗಳು ಜೋಳದ ಹಿಟ್ಟಿನ ಮ್ಯಾಲ ಬಿದ್ದೆ, ಹಿಟ್ಟು ಕಪ್‌ನಾಗ ಒತ್ತಿದಂಗ ಒತ್ತಿದಂಗ ರೀಡಿಂಗ್ ಏರ್ತಿತ್ತು, ಲೆಕ್ಕ ಹೊಂದಲೇ ಇಲ್ಲ, ಬಿಟ್ಟೆ. ಇಡೀ ಜೋಳಕ್ಕ ಮಾತ್ರ ಛಲೋ ಬಂತು, ಅದು ಮುಂದ ಕೆಲಸಕ್ಕ ಬರ್ತದ.

ಇನ್ನೊಂದು ಪರಿಚಯ ಮೆಂಟರ್ ದಿನದಾಗ ಆಗಿದ್ದು. ರಿಟೈರ್ ಆದ ಕೃಷಿ ವಿಜ್ಞಾನಿ ಒಬ್ರು ಬಂದಿದ್ರು, ಎಲ್ಲಾರೂ ಇನ್ವೆಸ್ಟರ್ ಹಿಂದ ಹೋದ್ರು, ಅವ್ರು ಒಬ್ರೇ ಚಾ ಹಿಡ್ಕೊಂಡು ನಿಂತಿದ್ರು. ನಮ್ಮ ಡಬ್ಬಿ ನೋಡಿದವ್ರೇ ಕೇಳಿದ್ದು, "ಯಾವ ತಳಿ ಹಾಕಿ ನೋಡೀರಿ?" ನಾವು ತೊಗರಿ ಅಂದ್ರ ತೊಗರಿ ಅಂತ ತಿಳ್ಕೊಂಡಿದ್ವಿ. ಟಿಎಸ್-3ಆರ್ ಬ್ಯಾರೆ, ಜಿಆರ್‌ಜಿ-811 ಬ್ಯಾರೆ, ಎರಡೂ ನಮ್ಮ ಕಲಬುರಗಿ ಸಂಶೋಧನಾ ಕೇಂದ್ರದ್ದೇ ತಳಿ. ಎರಡನ್ನೂ ಬ್ಯಾರೆ ಬ್ಯಾರೆ ಅಳದ್ರ ನಮ್ಮ ಮೀಟರ್‌ದಾಗ ಅರ್ಧ ಪರ್ಸೆಂಟ್ ತನಕ ಫರಕ್. ಈಗ ಮೀಟರ್ ಮ್ಯಾಲ ತಳಿ ಆರಿಸೋ ಬಟನ್ ಅದ. ಅವ್ರಿಗಿ ನಾನು ನಂಬರ್ ಕೇಳಿ ಸುಮ್ನ ಕುಂದರ್ಲಿಲ್ಲ, ಪ್ರತಿ ಹದಿನೈದು ದಿನಕ್ಕ ಏನು ಆಯ್ತು ಏನು ಆಗ್ಲಿಲ್ಲ ಅಂತ ಎರಡು ಸಾಲು ಕಳಿಸ್ತಿದ್ದೆ. ನೆಟ್‌ವರ್ಕಿಂಗ್ ಅಂತ ನಾನು ಮಾಡಿದ್ದು ಇಷ್ಟೇ, ಕಾರ್ಡ್ ಹಂಚಲಿಲ್ಲ.

ಈಗ ದೊಡ್ಡ ಫಜೀತಿ ಹೇಳ್ತೀನಿ. ಕ್ಯಾಲಿಬ್ರೇಷನ್ ಎಲ್ಲಾ ಏಪ್ರಿಲ್-ಮೇದಾಗ ಮಾಡಿದ್ವಿ, ನಮ್ಮೂರ ಬಿಸಿಲು ಗೊತ್ತೇ ಅದ, ರೂಮಿನಾಗೇ 38 ಡಿಗ್ರಿ. ಡೆಮೊ ಇಟ್ಟಿದ್ದು ಜನವರಿ ಮುಂಜಾನಿ ನೆಹರು ಗಂಜ್‌ನಾಗ ಒಂದು ಅಡತ ಅಂಗಡಿ ಮುಂದ, ಹಮಾಲರು, ರೈತರು ಸೇರಿ ಇಪ್ಪತ್ತು ಮಂದಿ. ಥಂಡ್ಯಾಗ ಕಾಳು ತಣ್ಣಗ ಇತ್ತು, ಮೀಟರ್ ಎಲ್ಲಾ ಕಡಿಮಿ ತೋರಿಸ್ತು, ಮುಟ್ಟಿದ್ರ ಮೆತ್ತಗ ಇದ್ದ ತೊಗರಿಗಿ 10 ಅಂತು. ಸಾವಕಾರ್ರು ಒಂದು ಕಾಳು ಬಾಯಿಗಿ ಹಾಕ್ಕೊಂಡು, "ತಮ್ಮಾ, ನಿನ್ನ ಡಬ್ಬಿಕ್ಕಿಂತ ನನ್ನ ಹಲ್ಲು ಛಲೋ ಹೇಳ್ತದ ನೋಡು" ಅಂದ್ರು. ನನ್ನ ಪಾರ್ಟ್ನರ್ ಅವತ್ತೇ ಬಿಡ್ತೀನಿ ಅಂದ, ಒಂದು ವಾರದ ಮ್ಯಾಲ ಪುಣೆಗಿ ನೌಕರಿಗಿ ಹೋದ.

ಅವತ್ತ ಸಂಜಿ ಆ ಅಂಗಡಿ ಮುನೀಮ ಕಾಕಾ ನನ್ನ ಕರದು ಕುಂದರಿಸಿ ಚಾ ಕೊಟ್ರು. "ಸಾವಕಾರ್ರ ಮಾತು ಮನಸಿಗಿ ಹಚ್ಕೋಬ್ಯಾಡ, ನೀ ಅಡತಿಯವ್ರಿಗಿ ಯಾಕ ಮಾರ್ತಿ? ಅವ್ರಿಗಿ ಮೀಟರ್ ಬೇಕಾಗಿಲ್ಲ. ಕಪನೂರ ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್‌ನವ್ರಿಗಿ ಬೇಕು, ಮನ್ಯಾಗ ಒಣಗಿಸೋ ರೈತಗ ಬೇಕು." ಖರೇ ಮಾತು. ದಾಲ್ ಮಿಲ್‌ದಾಗ ತೊಗರಿ ಹಸಿ ಇದ್ರ ಸಿಪ್ಪಿ ಬಿಡಲ್ಲ, ಭಾಳ ಒಣಗಿದ್ರ ನುಚ್ಚಾಗ್ತದ, ಎರಡೂ ಕಡಿ ಲುಕ್ಸಾನ್ ಅವ್ರದೇ. ಕಾಕಾನೇ ಒಂದು ಮಿಲ್‌ಗಿ ಫೋನ್ ಹಚ್ಚಿದ್ರು. ಕಪ್ ಒಳಗ ಟೆಂಪರೇಚರ್ ಸೆನ್ಸರ್ ಹಾಕಿ, ಫ್ರಿಜ್‌ನಾಗ ಇಟ್ಟ ಕಾಳು, ಬಿಸಿಲಾಗ ಇಟ್ಟ ಕಾಳು ಎರಡರ ಮ್ಯಾಲೂ ತಿದ್ದಿ, ಎರಡು ತಿಂಗಳ ಮ್ಯಾಲ ಆ ಮಿಲ್‌ಗಿ ಹೋದೆ. ಅವ್ರ ಹತ್ರ ಇದ್ದ ಕಂಪನಿ ಮೀಟರ್ ಬಾಜೂ ಇಟ್ಟು ಮೂವತ್ತು ಸಲ ಅಳದ್ರು, ಹೆಚ್ಚಂದ್ರ 0.4 ಫರಕ್. ಅಲ್ಲೇ ಎರಡು ತಗೊಂಡ್ರು, ನಗದು.

ಆ ಮಿಲ್‌ದಿಂದ ಇನ್ನ ನಾಕು ಮಿಲ್ ಬಂದವು. ರೊಟ್ಟಿ ಹುಡುಗೇರ ಪೈಕಿ ಒಬ್ಬಾಕಿ ಸೋದರಮಾವ ಆಳಂದ ಕಡಿ ರೈತರ ಕಂಪನಿದಾಗ ಡೈರೆಕ್ಟರ್, ಅಲ್ಲಿ ಒಮ್ಮಿಗೇ 12 ಹೋದವು, ಮಾರಾಟಕ್ಕ ತರೋ ಮುಂಚೆ ಊರಾಗೇ ನೋಡ್ಕೊಂಡು ಬರ್ಲಿಕ್ಕ. ಒಂದಕ್ಕ ನನಗ ಖರ್ಚು ಈಗ 3,400ರ ಹತ್ರ ಬೀಳ್ತದ, ಮೊದಲು 4,800 ಬೀಳ್ತಿತ್ತು, ಡಬ್ಬಿ ಮಾಡೋರನ್ನ ಬದಲಿ ಮಾಡಿದ ಮ್ಯಾಲ ಇಳೀತು, ಅವ್ರ ಹೆಸರು ಸದ್ಯ ಹೇಳಲ್ಲ. ಅಕ್ಕನ 30 ಸಾವಿರ ಸಂಕ್ರಾಂತಿಗಿ ತೀರಿಸಿದೆ.

ಈಗ ಕಡ್ಲಿ ಕ್ಯಾಲಿಬ್ರೇಷನ್ ನಡದದ, ಬೀದರ್ ಕಡಿಯವ್ರು ಹೆಸರು ಕಾಳಿಗೂ ಮಾಡ್ರಿ ಅಂತ ಹತ್ಯಾರ. ಜೇವರ್ಗಿ, ಚಿತ್ತಾಪುರ, ಸೇಡಂ ಕಡಿ ಯಾರ ಹತ್ರಾದ್ರೂ ಹೊಲದಿಂದ ಈಗಷ್ಟೇ ಬಂದ ಕಡ್ಲಿ ಇದ್ರ ಒಂದು ಕಿಲೋ ಸಾಕು, ಗಾಳಿ ಆಡಲಾರದಂಗ ಪ್ಲಾಸ್ಟಿಕ್ ಚೀಲದಾಗ ಕಟ್ಟಿ, ಮ್ಯಾಲ ತಳಿ ಹೆಸರು ಬರದು ಕೊಡ್ರಿ, ನಾನೇ ಬಂದು ಒಯ್ತೀನಿ.