ಉಪ್ಪುನೀರಿನ ಅಕ್ವೇರಿಯಂ: ರೀಡಿಂಗ್ ಸರಿ ಇದ್ದರೂ ಬಸವನಹುಳು ಸಾಯುತ್ತಿದ್ದರೆ

ನೀರಿನಲ್ಲಿ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಉಪ್ಪಿನಂಶ ತಿಳಿಯಲು ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ 1.025. ಆದರೂ ಹೊಸದಾಗಿ ಬಿಟ್ಟ ಬಸವನಹುಳುಗಳು ಚಿಪ್ಪಿನೊಳಗೇ ಮುದುಡಿಕೊಂಡು ಸಾಯುತ್ತಿದ್ದವು.

ನೀರು ಬದಲಿಸಿದೆ, ಕಾರ್ಬನ್ ಹಾಕಿದೆ, ಬೇರೆ ಉಪ್ಪು ತಂದೆ. ಆಗಲಿಲ್ಲ. ಬಾಟಲಿ ಬ್ಯಾಕ್ಟೀರಿಯಾ ಅಂತೂ ಸುಮ್ನೆ ದಂಡ, ಸೈಕಲ್ (ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಟ್ಯಾಂಕ್‌ನಲ್ಲಿ ನೆಲೆಯೂರುವ ಹಂತ) ಆಗಲೇ ಮುಗಿದಿತ್ತಲ್ವಾ.

ತೊಂದರೆ ಇದ್ದದ್ದು ಅಳತೆಯಲ್ಲಿ. ಹೈಡ್ರೋಮೀಟರ್ ಮುಳ್ಳಿಗೆ ಸಾಸಿವೆಗಿಂತ ಚಿಕ್ಕ ಗಾಳಿಗುಳ್ಳೆ ಅಂಟಿದರೂ ಮುಳ್ಳು ಮೇಲೇಳುತ್ತದೆ, ರೀಡಿಂಗ್ ಜಾಸ್ತಿ ತೋರಿಸುತ್ತದೆ. ರಿಫ್ರ್ಯಾಕ್ಟೋಮೀಟರ್‌ನಲ್ಲಿ (ಬೆಳಕು ಬಾಗುವುದರಿಂದ ಉಪ್ಪಿನಂಶ ಅಳೆಯುವ ಸಾಧನ) ನೋಡಿದರೆ ನಿಜವಾಗಿ ಇದ್ದದ್ದು 1.019, ಅಂದರೆ ಉಪ್ಪು ಕಡಿಮೆ.

ರಿಫ್ರ್ಯಾಕ್ಟೋಮೀಟರನ್ನೂ ಬರೀ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು. 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ಕ್ಯಾಲಿಬ್ರೇಶನ್ ದ್ರಾವಣ ಎರಡು ಮೂರು ಹನಿ ಹಾಕಿ. ಮುಚ್ಚಳದಡಿ ಗುಳ್ಳೆ ಇರಬಾರದು. ಅರ್ಧ ನಿಮಿಷ ಬಿಟ್ಟು, ನೀಲಿ ಗೆರೆ 35ಕ್ಕೆ ಬರುವವರೆಗೆ ಸ್ಕ್ರೂ ತಿರುಗಿಸಿ. ಒರೆಸಿ, ಆಮೇಲೆ ಟ್ಯಾಂಕ್ ನೀರು ನೋಡಿ.

ಕಡಿಮೆ ಇದ್ದರೆ ಉಪ್ಪನ್ನು ನೇರವಾಗಿ ಸುರಿಯಬೇಡಿ. ಆವಿಯಾದಷ್ಟಕ್ಕೆ ಉಪ್ಪುನೀರನ್ನೇ ತುಂಬುತ್ತಾ ಬನ್ನಿ. ದಿನಕ್ಕೆ 0.001ಕ್ಕಿಂತ ಜಾಸ್ತಿ ಏರಬಾರದು. 1.025 ಮುಟ್ಟಿದ ಮೇಲೆ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಅಲ್ಲಿಂದ ಮುಂದೆ ದಿನಾ ಆ ಗುರುತಿನವರೆಗೆ ಉಪ್ಪಿಲ್ಲದ ಆರ್‌ಒ ನೀರು ಮಾತ್ರ.