ಎಕ್ಸೆಲ್ ಶೀಟುಗಳನ್ನು ಯಾರೂ ಅಳಿಸದಂತೆ, ಸೇರಿಸದಂತೆ ಮಾಡುವುದು ಹೇಗೆ?

ಡೆಸ್ಕ್‌ಟಾಪ್ ಎಕ್ಸೆಲ್‌ನಲ್ಲಿ ಒಂದು ಸೆಲ್ ಅಳಿಸಿಹೋದರೆ ಕಂಟ್ರೋಲ್ ಝಡ್ ಒತ್ತಿ ವಾಪಸ್ ತರಬಹುದು. ಇಡೀ ಶೀಟ್ ಡಿಲೀಟ್ ಆದರೆ ಆ ದಾರಿ ಇಲ್ಲ. ಅದಕ್ಕೇ ನಾಲ್ಕು ಜನ ಕೈಯಾಡಿಸುವ ಫೈಲನ್ನು ನಾನು ಬೀಗ ಹಾಕದೆ ಕಳಿಸುವುದೇ ಇಲ್ಲ.

ರಿವ್ಯೂ ಟ್ಯಾಬಿನಲ್ಲಿ ಪ್ರೊಟೆಕ್ಟ್ ವರ್ಕ್‌ಬುಕ್ ಒತ್ತಿ. ಸ್ಟ್ರಕ್ಚರ್ ಎಂಬಲ್ಲಿ ಟಿಕ್ ಇರಲಿ. ಪಾಸ್‌ವರ್ಡ್ ಕೊಟ್ಟು, ಕೇಳಿದಾಗ ಅದನ್ನೇ ಇನ್ನೊಮ್ಮೆ ಟೈಪ್ ಮಾಡಿ. ಈಗ ಕೆಳಗೆ ಶೀಟಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ನೋಡಿ. ಇನ್ಸರ್ಟ್, ಡಿಲೀಟ್, ರಿನೇಮ್, ಹೈಡ್ ಎಲ್ಲ ಮಂಕಾಗಿರುತ್ತವೆ. ಪಕ್ಕದ ಪ್ಲಸ್ ಗುರುತೂ ಕೆಲಸ ಮಾಡುವುದಿಲ್ಲ.

ಪಾಸ್‌ವರ್ಡ್ ಖಾಲಿ ಬಿಟ್ಟರೆ ಅದೇ ಬಟನ್ ಒತ್ತಿ ಯಾರು ಬೇಕಾದರೂ ಬೀಗ ತೆಗೆಯಬಹುದು, ಅಲ್ವಾ? ಹಾಗಾಗಿ ಕೊಡಿ, ಎಲ್ಲಾದರೂ ಬರೆದಿಡಿ. ಮರೆತರೆ ಮೈಕ್ರೋಸಾಫ್ಟ್ ಕೂಡ ಹುಡುಕಿಕೊಡುವುದಿಲ್ಲ. ಸೆಲ್‌ಗಳ ಒಳಗಿನ ಅಂಕಿಗಳಿಗೆ ಮಾತ್ರ ಇದರಿಂದ ರಕ್ಷಣೆ ಇಲ್ಲ. ಅದಕ್ಕೆ ಪ್ರೊಟೆಕ್ಟ್ ಶೀಟ್ ಬೇರೆಯೇ ಇದೆ.

ಪ್ರತಿ ತಿಂಗಳೂ ಹೊಸ ಶೀಟ್ ಬೇಕಾಗುವ ಫೈಲಾದರೆ? ಸುಮ್ನೆ ಎಲ್ಲರಿಗೂ ಪಾಸ್‌ವರ್ಡ್ ಹಂಚಬೇಡಿ. ನಾನು 'ಮಾದರಿ' ಎಂಬ ಶೀಟ್ ಇಟ್ಟು, 'ಹೊಸ ತಿಂಗಳು' ಎಂಬ ಬಟನ್‌ಗೆ ಮ್ಯಾಕ್ರೋ (ಹಲವು ಹಂತಗಳನ್ನು ತಾನೇ ಮಾಡಿ ಮುಗಿಸುವ ಪುಟ್ಟ ಪ್ರೋಗ್ರಾಂ) ಕಟ್ಟುತ್ತೇನೆ. ಅದು ಅನ್‌ಪ್ರೊಟೆಕ್ಟ್ ಮಾಡಿ, ಮಾದರಿಯ ನಕಲನ್ನು ಕೊನೆಗೆ ಸೇರಿಸಿ, ತಿಂಗಳ ಹೆಸರಿಟ್ಟು, ಮತ್ತೆ ಪ್ರೊಟೆಕ್ಟ್ ಮಾಡುತ್ತದೆ. ಅದೇ ಹೆಸರಿನ ಶೀಟ್ ಮೊದಲೇ ಇದ್ದರೆ ಎರರ್ ಬಂದು ಮ್ಯಾಕ್ರೋ ಅರ್ಧಕ್ಕೇ ನಿಲ್ಲುತ್ತದೆ, ಬೀಗ ತೆರೆದೇ ಉಳಿಯುತ್ತದೆ. ಆದ್ದರಿಂದ ಆನ್ ಎರರ್ ಸಾಲು ಹಾಕಿ, ಎರರ್ ಬಂದರೂ ಪ್ರೊಟೆಕ್ಟ್ ಸಾಲು ಓಡುವಂತೆ ಮಾಡಿ. ಪಾಸ್‌ವರ್ಡ್ ಕೋಡಿನಲ್ಲೇ ಇರುವುದರಿಂದ ವಿಬಿಎ ಪ್ರಾಜೆಕ್ಟಿಗೂ (ಮ್ಯಾಕ್ರೋ ಕೋಡ್ ಇರುವ ಜಾಗ) ಲಾಕ್ ಹಾಕಿ. ಫೈಲನ್ನು ಮ್ಯಾಕ್ರೋ ಎನೇಬಲ್ಡ್ ವರ್ಕ್‌ಬುಕ್ ಆಗಿಯೇ ಸೇವ್ ಮಾಡಿ.