ಕರಟದ ಇದ್ದಿಲಿಗೆ ಕಬ್ಬಿಣ ಹಿಡಿಸಿ ಆರ್ಸೆನಿಕ್ ತೆಗೆದದ್ದು

ಇದ್ದಿಲಿನಿಂದ ನೀರಿನ ಆರ್ಸೆನಿಕ್ ವಿಷ ಹೋಗೋದಿಲ್ಲ, ಸುಮ್ಮನೆ ರೊಕ್ಕ ಕಳಕೋಬೇಡ ಅಂತ ನನಗೆ ಹೇಳದವರೇ ಇಲ್ಲ. ಈಗ ಸಾಲಾಗಿ ಮೂರು ಲ್ಯಾಬ್ ರಿಪೋರ್ಟ್ ಕೈಯಲ್ಲಿವೆ. ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ 90 ಪಿಪಿಬಿ (ಲೀಟರಿಗೆ ಮೈಕ್ರೋಗ್ರಾಂ) ಹತ್ತಿರ, ಇದ್ದಿಲು ತುಂಬಿದ ನನ್ನ ಡ್ರಮ್ಮಿನಿಂದ ಇಳಿಯೋ ನೀರಿನಲ್ಲಿ 4-5. ಕುಡಿಯೋ ನೀರಿಗೆ ಮಿತಿ 10.

ನಮ್ಮದು ಲಿಂಗಸುಗೂರು ಕಡೆ. ಹಟ್ಟಿ ಸುತ್ತ ಬಂಗಾರದ ಕಲ್ಲಿನ ಜೊತೆಗೇ ಆರ್ಸೆನಿಕ್ ಖನಿಜ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ನೀರು ಕುಡಿದ ಜನರ ಚರ್ಮದ ಸ್ಥಿತಿ ಗೊತ್ತಾದ ಮೇಲೆ ನನಗೆ ಸುಮ್ಮನೆ ಕೂಡಲು ಆಗಲಿಲ್ಲ.

ಮೊದಲು ಡ್ರಮ್ಮಿಗೆ ಬರೀ ಆಕ್ಟಿವೇಟೆಡ್ ಕಾರ್ಬನ್, ಅಂದರೆ ತೆಂಗಿನ ಕರಟ ಸುಟ್ಟು ಸಣ್ಣ ರಂಧ್ರ ಹೆಚ್ಚಿಸಿದ ಇದ್ದಿಲು, ತುಂಬಿದೆ. 25 ಕೆಜಿ ಚೀಲಕ್ಕೆ ಮೂರು ಸಾವಿರ ಚಿಲ್ಲರೆ. 90 ಇದ್ದದ್ದು 80ಕ್ಕೆ ಇಳಿಯಿತು, ಹತ್ತು ದಿನಕ್ಕೆ ಅದೂ ಹೋಯಿತು. ಆರ್ಸೆನಿಕ್ ಅಂಟೋದು ಕಬ್ಬಿಣಕ್ಕೆ; ಹಾಗಾಗಿ ಆಮೇಲೆ ಇದ್ದಿಲನ್ನು ಫೆರಿಕ್ ಕ್ಲೋರೈಡ್ ಅನ್ನೋ ಕಬ್ಬಿಣದ ಲವಣದ ನೀರಿನಲ್ಲಿ ನೆನೆಹಾಕಿ, ಕಬ್ಬಿಣ ಅದರಲ್ಲೇ ಕೂರಲಿ ಅಂತ ಕಾಸ್ಟಿಕ್ ಸೋಡಾ ಒಮ್ಮೆಲೇ ಸುರಿದೆ. ಕಬ್ಬಿಣ ಒಳಗೆ ಇಳಿಯದೆ ಮೇಲೆಯೇ ಕೆಸರಾಗಿ ಕೂತಿತು. ನಲ್ಲಿ ತಿರುವಿದರೆ ಕೆಂಪು ನೀರು. "ಏನಪಾ, ಕೆಮ್ಮಣ್ಣಿನ ನೀರು ಕುಡಸ್ತೀಯೇನು?" ಅಂದಳು ಓಣಿಯ ಅಮ್ಮ. ಆ ಚೀಲ ಪೂರಾ ಹಾಳು. ಸೋಡಾ ಹನಿಹನಿಯಾಗಿ ಬಿಡಬೇಕು, ನಡುವೆ ಒಣಗಿಸಬೇಕು. ಎಷ್ಟು ಹೊತ್ತು, ಎಷ್ಟು ಸಲ ಅನ್ನೋದು ಎರಡು ವರ್ಷದ ದುಡಿಮೆ, ಅದು ನನ್ನಲ್ಲೇ ಇರಲಿ.

ಕಬ್ಬಿಣ ಗಟ್ಟಿಯಾಗಿ ಕೂತ ಮೇಲೂ 30ರ ಕೆಳಗೆ ಬರಲಿಲ್ಲ. ನೀರಿನಲ್ಲಿ ಆರ್ಸೆನಿಕ್ ಎರಡು ರೂಪದಲ್ಲಿರುತ್ತದೆ, ಆರ್ಸೆನೈಟ್ ಮತ್ತು ಆರ್ಸೆನೇಟ್. ನಮ್ಮ ನೀರಿನಲ್ಲಿ ಆರ್ಸೆನೈಟೇ ಹೆಚ್ಚು, ಅದು ಕಬ್ಬಿಣಕ್ಕೆ ಆರ್ಸೆನೇಟಿನಷ್ಟು ಸರಿಯಾಗಿ ಅಂಟೋದಿಲ್ಲ. ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ಗಂಟೆ ಬಿಟ್ಟೆ. ಆರ್ಸೆನೈಟ್ ಆರ್ಸೆನೇಟ್ ಆಯಿತು, ಮೊದಲ ಸಲ 10ರ ಕೆಳಗೆ ಬಂತು. ಉಳಿದ ಕ್ಲೋರಿನ್ ವಾಸನೆಯನ್ನು ಇದ್ದಿಲೇ ನುಂಗಿತು. ಕಬ್ಬಿಣ ಸಾಕಲ್ಲ, ಇದ್ದಿಲು ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದೇ. ಆದರೆ ಏಪ್ರಿಲ್‌ನಲ್ಲಿ ಮತ್ತೆ 30 ದಾಟಿತು. ಒಂದು ತಿಂಗಳು ಡ್ರಮ್ ಬಿಚ್ಚಿ ಕಟ್ಟಿ ಸಾಕಾಯಿತು. ತಪ್ಪು ಇದ್ದದ್ದು ಪೌಡರಿನಲ್ಲಿ. ಬಾಯಿ ಬಿಚ್ಚಿಟ್ಟ ಚೀಲ ರಾಯಚೂರಿನ ಬಿಸಿಲಿಗೆ ಸತ್ವ ಕಳಕೊಂಡಿತ್ತು. ಈಗ ಸಣ್ಣ ಪೊಟ್ಟಣವನ್ನೇ ತರುತ್ತೇನೆ.

ನಡುವೆ ಕರಟದ ಬದಲು ಸಿಂಧನೂರಿನ ಅಕ್ಕಿ ಗಿರಣಿಯ ಹೊಟ್ಟನ್ನೂ ಸುಟ್ಟು ನೋಡಿದೆ. ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಅದರಿಂದ ನೀರಿಗೆ ಬಿಡುವ ಸಿಲಿಕೇಟ್ ಕಬ್ಬಿಣದ ಮೇಲೆ ಆರ್ಸೆನಿಕ್‌ನ ಜಾಗ ಕಬಳಿಸುತ್ತದೆ. ನೇಪಾಳದವರ ಹಾಗೆ ತುಕ್ಕು ಮೊಳೆ, ಇಟ್ಟಿಗೆ ಚೂರು, ಮರಳು ಹಾಕಿದ ಬಕೆಟ್ಟೂ ಕಟ್ಟಿದೆ. ಅದು 20ರ ತನಕ ಇಳಿಸಿತು, ತೆಗೆದು ಹಾಕುವ ಹಾಗಿಲ್ಲ. ಇನ್ನೊಮ್ಮೆ ಮಾಡಬೇಕು.

ಮನೆಯಲ್ಲೇ ಆರ್ಸೆನಿಕ್ ಪರೀಕ್ಷಿಸುವ ಕಿಟ್ಟಿನ ಕಾಗದದ ಹಳದಿ ನೋಡಿ 8ಕ್ಕೂ 15ಕ್ಕೂ ವ್ಯತ್ಯಾಸ ಹೇಳಲಿಕ್ಕಾಗೋದಿಲ್ಲ, ಲ್ಯಾಬಿಗೇ ಕಳಿಸಿ. ಇದಕ್ಕೆಲ್ಲ ನಾನು ಹಾಕಿದ ಎಪ್ಪತ್ತು ಸಾವಿರದಲ್ಲಿ ಅರ್ಧ ಹೋದದ್ದು ಲ್ಯಾಬಿಗೇ.

ಈಗ ಒಂದು ಚೀಲಕ್ಕೆ ನಿಮಿಷಕ್ಕೆ ಎರಡು ಲೀಟರ್ ಬಿಡುತ್ತೇನೆ. ದಿನಕ್ಕೆ ಇಪ್ಪತ್ತು ಕೊಡ, ನಾಲ್ಕು ತಿಂಗಳ ಮೇಲೆ ಬಾಳುತ್ತದೆ. ಲೀಟರಿಗೆ ಹತ್ತು ಪೈಸೆ ಆಗಬಹುದು. ಬಳಸಿದ ಇದ್ದಿಲನ್ನು ಹೊಲಕ್ಕೆ ಚೆಲ್ಲೋದಿಲ್ಲ, ಒಲೆಗೂ ಹಾಕೋದಿಲ್ಲ. ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ ಇಟ್ಟಿದ್ದೇನೆ, ಅಂಥ ಐದು ದಿಮ್ಮಿ ಹಿತ್ತಲಿನಲ್ಲಿವೆ.